ಕೀಬೋರ್ಡಿನ ಬುಡಕ್ಕೆ ಸಿಕ್ಕ ಪಾಳಿ

ವಿರುಪಾಕ್ಷಪ್ಪನಿಗೆ ಚಷ್ಮಾ ಬೇಕಾಗಿ ಬಹಳ ದಿನವಾಗಿತ್ತು. ಒಪ್ಪಿಕೊಳ್ಳಲು ಮಾತ್ರ ಮನಸ್ಸಿರಲಿಲ್ಲ. ಮೂಗಿನ ಮೇಲೆ ಚಷ್ಮಾ ಏರಿತೆಂದರೆ ಶಿರಗುಪ್ಪಿಯ ಮಂದಿ ಮರುದಿನವೇ ‘ಅಜ್ಜಾ’ ಎಂದು ಕರೆದಾರೆಂಬ ಅಂಜಿಕೆ. ಅದಕ್ಕೇ ಮೊಬೈಲಿನ ಅಕ್ಷರಗಳನ್ನು ಹಿಗ್ಗಿಸಿಟ್ಟುಕೊಂಡಿದ್ದ. ಒಂದೊಂದು ಅಕ್ಷರ ಬದನೆಕಾಯಿ ಗಾತ್ರ. ಕಣ್ಣಿಗೇನೋ ಹಿತವಾಯಿತು, ಆದರೆ ಅದು ಕಬ್ಬಿಗೆ ಮುಳುವಾಗುತ್ತದೆಂದು ಪಾಪ, ಅವನಿಗೇನು ಗೊತ್ತು.

ಈ ಹಂಗಾಮಿಗೆ ಕಾರ್ಖಾನೆಯವರು ಕಟಾವಿನ ಪಾಳಿಯನ್ನು ಆ್ಯಪಿನಲ್ಲಿ ಇಟ್ಟಿದ್ದರು. ಯಾರು ಮೊದಲು ಪಾಳಿ ಹಿಡಿಯುತ್ತಾರೋ ಅವರ ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಮೊದಲು. ವಿರುಪಾಕ್ಷಪ್ಪನ ಕಬ್ಬು ಆಗಲೇ ಹೂ ಬಿಟ್ಟಿತ್ತು. ಹೂ ಬಿಟ್ಟ ಕಬ್ಬು ಹೊಲದಲ್ಲಿ ನಿಂತಷ್ಟೂ ತೂಕ ಇಳಿಯುತ್ತದೆ. ಅದನ್ನು ನೆನೆದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಊರಿನ ಉಳಿದವರೆಲ್ಲ ‘ಆ್ಯಪು-ಗೀಪು ನಮಗ ತಿಳಿಯಾಂಗಿಲ್ಲ’ ಎಂದು ಕೈಬಿಟ್ಟಿದ್ದರು. ಇವನೊಬ್ಬನೇ ಒಂದು ಬೆಳಿಗ್ಗೆ ಮನೆಯ ಕಟ್ಟೆಯ ಮೇಲೆ ಕುಳಿತು, ಹೊಲದ ಸರ್ವೆ ನಂಬರು ಬರೆಯಲು ಬೆರಳಿಟ್ಟ. ಕೆಳಗಿನಿಂದ ಕೀಬೋರ್ಡು ಎದ್ದು ಬಂದು ಅರ್ಧ ಸ್ಕ್ರೀನು ನುಂಗಿತು. ನಂಬರು ಬರೆದಾಯಿತು, ‘ಪಾಳಿ ಹಿಡಿಯಿರಿ’ ಎಂಬ ಹಸಿರು ಬಟನ್ನು ಮಾತ್ರ ಕೀಬೋರ್ಡಿನ ಅಡಿಗೆ ಸಿಕ್ಕಿತ್ತು. ಕೀಬೋರ್ಡು ಇಳಿಸಿದರೆ ಬರೆದ ನಂಬರೇ ಅಳಿಸಿಹೋಗುತ್ತಿತ್ತು.

“ಮುಂಜಾನೆ ಎದ್ದು ಯಾರಿಗೆ ಬೈಯಾಕತ್ತೀರಿ?” ಹೆಂಡತಿ ಗಿರಿಜವ್ವ ಒಳಗಿನಿಂದ ಕೇಳಿದಳು.

“ಬಟನ್ನ ಕೀಬೋರ್ಡಿನ ಬುಡಕ ಹೋಗಿ ಕುಂತೈತಿ.”

“ಕುಂತದ್ದನ್ನ ಎಬ್ಬಸ್ರಿ. ಬೈದರ ಏಳತೈತೇನ?”

ಮಗ್ಗುಲ ಹೊಲದ ಜ್ಞಾನದೇವ ಗಾಡಿ ನಿಲ್ಲಿಸಿ ಇಳಿದ. “ಫೋನ ಅಡ್ಡ ಹಿಡೀರಿ ಕಾಕಾ. ಜಾಗಾ ಜಾಸ್ತಿ ಸಿಗತೈತಿ.”

ಅಡ್ಡ ಹಿಡಿದದ್ದೇ ತಡ, ಕೀಬೋರ್ಡು ಕಾಲು ಚಾಚಿ ಮಲಗಿತು. ಆ್ಯಪು ಪೂರ್ತಿ ಮಾಯ. ಜ್ಞಾನದೇವ ತಲೆ ಕೆರೆದುಕೊಂಡು, “ತಡೀರಿ, ನನ್ನ ಫೋನಿನಾಗ ಹೆಂಗ ಬರತೈತಿ ನೋಡತೀನಿ” ಎಂದು ತನ್ನದನ್ನು ತೆಗೆದ.

ಅಷ್ಟರಲ್ಲಿ ಎದುರು ಮನೆಯ ಕಸ್ತೂರೆವ್ವ ಬಂದಳು. “ಕೊಡ ಇಲ್ಲೆ ತಮ್ಮಾ. ಸ್ಕ್ರೀನ ಎರಡ ಭಾಗ ಮಾಡೂದ ನಮ್ಮ ಅಳಿಯಾ ಕಲಿಸ್ಯಾನ.” ಮಾಡಿಯೂ ಬಿಟ್ಟಳು. ಮೇಲಿನ ಭಾಗದಲ್ಲಿ ಯಾವುದೋ ಭಜನೆ ಹತ್ತಿಕೊಂಡಿತು, ಕೆಳಗಿನದರಲ್ಲಿ ಕೀಬೋರ್ಡು ಕೂತಿತು, ನಡುವೆ ಆ್ಯಪಿಗೆ ಬೆರಳಗಲದ ಪಟ್ಟಿ ಉಳಿಯಿತು. ಭಜನೆ ನಿಲ್ಲಿಸಲು ಹೋದರೆ ಇನ್ನೂ ಜೋರಾಯಿತು. ಹಾದುಹೋಗುತ್ತಿದ್ದವರು ಮನೆಯಲ್ಲಿ ಏನೋ ಕಾರ್ಯವೆಂದು ತಿಳಿದು ಚಪ್ಪಲಿ ಬಿಟ್ಟು ಕಟ್ಟೆ ಏರಿದರು.

ಡೇರಿಯ ದುಂಡೇಶನೂ ಬಂದ. ಎಲ್ಲರ ಒಂದು ಕೈ ವಿರುಪಾಕ್ಷಪ್ಪನ ಫೋನಿನ ಮೇಲೆ, ಇನ್ನೊಂದು ಕೈಯಲ್ಲಿ ತಮ್ಮ ತಮ್ಮ ಫೋನು. ಆಳಿಗೊಂದು ಮಾತು. ವಿರುಪಾಕ್ಷಪ್ಪ ಬೆವರಿ ಹೋದ.

ಮಧ್ಯಾಹ್ನ ಜ್ಞಾನದೇವನನ್ನು ಊಟಕ್ಕೆ ಕರೆಯಲು ಅವನ ಹೆಂಡತಿ, ನಿಪ್ಪಾಣಿಯ ಮರಾಠಿ ಮನೆಯ ಪ್ರಾಜಕ್ತಾ ಬಂದಳು. ಫೋನು ನೋಡಿ ನಕ್ಕಳು.

“ಅಹೋ ಕಾಕಾ, ಸ್ಕ್ರೀನ ಒಂದ, ಪಾಲುದಾರರ ಬಾಳ. ಮ್ಯಾಲಿನ ಪಟ್ಟಿ ಟೈಮ ತೋರಸಾಕ ಬೇಕು, ಕೆಳಗಿನ ಪಟ್ಟಿ ಫೋನಿಗೇ ಬೇಕು. ಕೀಬೋರ್ಡ ಬಂದರ ಅರ್ಧಾ ಅದ ಹಿಡಿತೈತಿ. ಉಳದದ್ದರಾಗ ಆ್ಯಪ ಬಾಳೇ ಮಾಡಬೇಕು.”

“ಹಂಗಂದ್ರ ಅಣ್ಣತಮ್ಮರು ಹೊಲ ಪಾಲ ಮಾಡ್ಕೊಂಡಂಗ” ಎಂದ ವಿರುಪಾಕ್ಷಪ್ಪ.

“ಹೌದ್ರಿ. ಇಷ್ಟ ದೊಡ್ಡ ಅಕ್ಷರ ಇಟ್ಟರ ಬಟನ್ನಿಗೆ ಜಾಗಾ ಎಲ್ಲೈತಿ? ಅಕ್ಷರ ಸಣ್ಣ ಮಾಡ್ರಿ, ಚಷ್ಮಾ ಹಾಕ್ಕೋರಿ.”

ಗಿರಿಜವ್ವ ಒಳಗಿನಿಂದ ತನ್ನ ಚಷ್ಮಾ ತಂದು ಕೊಟ್ಟಳು. ವಿರುಪಾಕ್ಷಪ್ಪ ಕಬ್ಬನ್ನು ನೆನೆದು ಮಾನ ಬದಿಗಿಟ್ಟು ಹಾಕಿಕೊಂಡ.

“ಅಜ್ಜಾಗ ಚಂದ ಒಪ್ಪತೈತಿ” ಎಂದ ದುಂಡೇಶ.

ವಿರುಪಾಕ್ಷಪ್ಪ ಅದನ್ನೂ ನುಂಗಿಕೊಂಡ. ಪ್ರಾಜಕ್ತಾ ಅಕ್ಷರ ಸಣ್ಣದು ಮಾಡಿದಳು. ನಂಬರು ಬರೆದರೆ ಹಸಿರು ಬಟನ್ನು ಕೀಬೋರ್ಡಿನ ಮೇಲೆ ಸೊಗಸಾಗಿ ಕುಳಿತಿತ್ತು. ಮನೆದೇವರನ್ನು ನೆನೆದು ಒತ್ತಿದ. ‘ಈ ಊರಿನ ಪಾಳಿಗಳು ಮುಗಿದಿವೆ. ಮುಂದಿನ ಪಾಳಿ ಸಂಕ್ರಾಂತಿಯ ನಂತರ’ ಎಂದು ಬಂತು.

“ನಮ್ಮೂರಾಗ ಇಷ್ಟ ಲಗೂನ ಯಾರ ಹಿಡದ್ರು?” ಅವನ ದನಿ ಬಿದ್ದುಹೋಗಿತ್ತು.

ಜ್ಞಾನದೇವ ತನ್ನ ಫೋನು ಮಗುಚಿ ಹಿಡಿದ. “ನನ್ನ ಫೋನಿನಾಗ ಬಟನ್ನ ಕಾಣತೈತೋ ಇಲ್ಲೋ ಅಂತ ನೋಡಿದ್ನಿ ಕಾಕಾ. ಕಂಡಿತು. ಒತ್ತಿದ್ನಿ.”

“ನಂದೂ ಒಂದ ಸಲಕ್ಕ ಆತು ತಮ್ಮಾ” ಎಂದಳು ಕಸ್ತೂರೆವ್ವ, ಸೆರಗು ನೋಡುತ್ತ. “ನಿನ್ನ ನೋಡೇ ಕಲತ್ನಿ.”

ದುಂಡೇಶ ಕಟ್ಟೆ ಇಳಿದು ಚಪ್ಪಲಿ ಹುಡುಕತೊಡಗಿದ. ಉಳಿದವರೂ ಒಬ್ಬೊಬ್ಬರಾಗಿ ಫೋನು ಕಿಸೆಗೆ ಇಳಿಸಿದರು. ಯಾರ ಮೇಲೆ ಸಿಟ್ಟಾಗಬೇಕೆಂದೂ ವಿರುಪಾಕ್ಷಪ್ಪನಿಗೆ ತಿಳಿಯಲಿಲ್ಲ. ಯಾರೂ ಕೆಟ್ಟದ್ದು ಬಯಸಿದವರಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಷ್ಟೇ.

ಅವನ ಮುಖ ನೋಡಿ ಜ್ಞಾನದೇವನಿಗೆ ಕೆಡುಕೆನಿಸಿತು. “ಬ್ಯಾಸರಾ ಮಾಡ್ಕೋಬ್ಯಾಡ್ರಿ ಕಾಕಾ. ನಾಳೆ ಗ್ಯಾಂಗ ನಿಮ್ಮ ಹೊಲಕ್ಕೇ ಬರತೈತಿ.”

ವಿರುಪಾಕ್ಷಪ್ಪನ ಜೀವ ಮರಳಿ ಬಂದಂತಾಯಿತು. “ಖರೇನೇನೋ?”

“ಖರೇ ಕಾಕಾ. ನೀರಿನ ಅನುಕೂಲ ನಿಮ್ಮಲ್ಲೇ ಐತೆಲ್ಲಾ. ಬದುವಿನ ಮ್ಯಾಲ ಗುಡಸಲಾ ಹಾಕ್ಕೊಂಡ ಇರತಾರ. ನಮ್ಮೆಲ್ಲಾರ ಕಬ್ಬ ಕಡದ ಮುಗಿಯೂತನಕಾ ಅಷ್ಟ ಜಾಗಾ ಕೊಡ್ರಿ.”

ಇಲ್ಲ ಎನ್ನುವುದು ವಿರುಪಾಕ್ಷಪ್ಪನಿಗೆ ಎಂದೂ ಬಾರದ ವಿದ್ಯೆ. ಅವನು ಹೆಂಡತಿಯ ಕಡೆ ನೋಡಿದ.

“ಹೂಂ ಅನ್ರಿ” ಎಂದಳು ಗಿರಿಜವ್ವ. “ದಿನಾ ಎದ್ದ ನಮ್ಮ ಕಬ್ಬ ನೋಡಿ ಅವರಿಗಾದರೂ ಕನಿಕರ ಬಂದೀತು.”