ಹಗಲಲ್ಲಿ ಹಾಕಿದ ಬಾಗಿಲು

೧೯೫೪ರ ಬೇಸಿಗೆಯಲ್ಲಿ ಗಜೇಂದ್ರಗಡಕ್ಕೆ ಶಿಸ್ತು ಕಲಿಸಬೇಕೆಂದು ನಾನು ಘನವಾದ ನಿರ್ಧಾರ ಮಾಡಿದೆ. ಕ್ರಿಸ್ತನ ಸೇವೆಗೆಂದು ಸ್ವಿಟ್ಜರ್ಲೆಂಡಿನಿಂದ ಬಂದು ಆರು ತಿಂಗಳಾಗಿತ್ತು. ನೇಕಾರರ ಓಣಿಯಲ್ಲಿ ನಮ್ಮ ಮನೆ. ಬಾಗಿಲು ತಟ್ಟಿ ಒಳಗೆ ಬರುವ ಪದ್ಧತಿ ಅಲ್ಲಿ ಯಾರಿಗೂ ಇರಲಿಲ್ಲ. ನನ್ನ ಹೆಂಡತಿ ಎಲ್ಸಾಳ ಹಳದಿ ಕೂದಲು ನೋಡಲು ಮಕ್ಕಳು ಬರುತ್ತಿದ್ದರು. ಪಕ್ಕದ ಮನೆಯ ವೀರವ್ವ ನೂಲಿನ ಕಂಡಿಕೆ ಸುತ್ತಲು ನಮ್ಮ ಪಡಸಾಲೆಗೇ ಬಂದು ಕೂರುತ್ತಿದ್ದಳು. ನಾನು ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ, "ಸುಮ್ನಿರ್ರಿ, ಸಾಹೇಬ್ರಿಗೆ ಕಣ್ಣ ಹತ್ಯಾವ" ಎಂದು ಆ ಸೆಕೆಯಲ್ಲೂ ಯಾರೋ ಚಾದರ ಹೊದಿಸುತ್ತಿದ್ದರು.

"ಇನ್ನು ಮೇಲೆ ಊಟವಾದ ಕೂಡಲೇ ಬಾಗಿಲಿಗೆ ಚಿಲಕ" ಎಂದು ಎಲ್ಸಾಳಿಗೆ ಹೇಳಿದೆ.

"ವೀರವ್ವ ಬಂದರೆ?"

"ಅವಳೂ ಕಲಿಯಲಿ."

ಎಲ್ಸಾ ಎದ್ದು ಅಡುಗೆಮನೆಗೆ ಹೋದಳು. ನಾನು ಚಿಲಕ ಹಾಕಿ, ಯುದ್ಧ ಗೆದ್ದ ಸೇನಾಪತಿಯಂತೆ ಒಳಕೋಣೆಯಲ್ಲಿ ಮಲಗಿದೆ.

ಓಣಿಯ ಮಗ್ಗಗಳ ಸದ್ದು ನಿಂತಾಗ ಎಚ್ಚರವಾಯಿತು. ಬಾಗಿಲು ತೆಗೆದು ನೋಡಿದರೆ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ, ಬೀದಿಯಲ್ಲಿ ಜನ ಮೌನವಾಗಿ ಕೂತಿದ್ದರು. ವೀರವ್ವನ ಗಂಡ ಹೇಮಪ್ಪ ಎದ್ದು ನಿಂತ.

"ಏನಾತ್ರಿ ಸಾಹೇಬ್ರ?"

"ಏನೂ ಇಲ್ಲವಲ್ಲ."

"ಏನೂ ಇಲ್ಲಂದ್ರ ಹಾಡಹಗಲ ಬಾಗಲಾ ಯಾಕ ಹಾಕ್ಕೊಂಡೀರಿ? ನಮ್ಮ ಕಡೆ ಊರು ಬಿಡೋರು ಹಾಕ್ತಾರ, ಇಲ್ಲಾ ಜಗಳಾಡೋರು ಹಾಕ್ತಾರ."

ಪುಸ್ತಕದಿಂದ ಕಲಿತ ನನ್ನ ಕನ್ನಡದಲ್ಲಿ ಸ್ಪಷ್ಟವಾಗಿ ವಿವರಿಸಿದೆ: "ನನಗೂ ನನ್ನ ಪತ್ನಿಗೂ ಪ್ರತಿದಿನ ಮಧ್ಯಾಹ್ನ ಸ್ವಲ್ಪ ಏಕಾಂತ ಬೇಕು."

ಮುದುಕರು ನೆಲ ನೋಡಿದರು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಹೇಳಿದೆ: "ಒಂದು ಗಂಟೆಯಾದರೂ ಬೇಕು."

"ಬಿಡ್ರಿ, ತಿಳೀತು" ಎಂದ ಹೇಮಪ್ಪ, ರುಮಾಲು ಸರಿಪಡಿಸಿಕೊಳ್ಳುತ್ತ.

ನಗದೆ ಇದ್ದವಳು ವೀರವ್ವ ಒಬ್ಬಳೇ. ನನ್ನನ್ನು ದಾಟಿ ನೇರವಾಗಿ ಅಡುಗೆಮನೆಗೆ ಹೋದವಳು ಹಾಗೆಯೇ ತಿರುಗಿ ಬಂದಳು.

"ಸಾಹೇಬ್ರ, ಆಕಿನ್ನ ಹೊಡದಿರೇನ್ರಿ?"

"ಇಲ್ಲ, ದೇವರಾಣೆ ಇಲ್ಲ."

"ಮತ್ತ ಒಲಿ ಮುಂದ ಕುಂತು ಯಾಕ ಅಳಾಕತ್ತಾಳ?"

ಮುಂದಿನ ಭಾನುವಾರ ದಾಂಪತ್ಯದ ಬಗ್ಗೆ ಉಪದೇಶ ಮಾಡಲಿದ್ದವನು ನಾನು. ಒಳಗೆ ಓಡಿದೆ. ಎಲ್ಸಾ ಕಣ್ಣೊರೆಸಿಕೊಂಡಳು.

"ಇವತ್ತು ನನ್ನ ತಂಗಿಯ ಮದುವೆ" ಎಂದಳು ನಮ್ಮ ಭಾಷೆಯಲ್ಲಿ. "ನಿನಗೆ ನೆನಪಿಲ್ಲವೆಂದು ಬೆಳಿಗ್ಗೆಯೇ ಗೊತ್ತಾಯಿತು. ವೀರವ್ವ ಬಂದರೆ ಹೇಳಿಕೊಳ್ಳೋಣ ಎಂದಿದ್ದೆ. ನೀನು ಬಾಗಿಲು ಹಾಕಿಬಿಟ್ಟೆ."

ವೀರವ್ವ ನನ್ನ ಹಿಂದೆಯೇ ಬಂದಿದ್ದಳು. ಎಲ್ಸಾ ವೀರವ್ವನ ಕಡೆ ತಿರುಗಿ ತನ್ನ ಹರಕು ಕನ್ನಡದಲ್ಲಿ ಹೇಳಿದಳು: "ತಂಗಿ ಲಗ್ನ. ಅವ್ವ ದೂರ."

ವೀರವ್ವ ಅವಳ ಕೈಹಿಡಿದು ಎಬ್ಬಿಸಿದಳು. "ಯಾರ ದೂರ? ನಡಿ ಯವ್ವಾ, ನಾಕ ದಿನ ತವರಮನ್ಯಾಗ ಇದ್ದು ಬರೂವಂತಿ." ಆಮೇಲೆ ನನಗೆ, "ಮಗಳನ್ನ ಕರಕೊಂಡು ಹೊಂಟೀನ್ರಿ. ನೀವು ಏಕಾಂತ ಮಾಡ್ಕೋರಿ."

ತವರುಮನೆ ಗೋಡೆಯಾಚೆಯೇ ಇತ್ತು. ಎಲ್ಸಾ ಕೈಚೀಲ ಹಿಡಿದು ಹೊರಟೇಬಿಟ್ಟಳು. ಆ ಸಂಜೆ ಅಲ್ಲಿಂದ ಹೂರಣದ ವಾಸನೆ ಬಂತು. ಹೆಂಗಸರು ಮದುವೆಯ ಹಾಡು ಹೇಳಿದರು. ಅವರ ಹಾಡು ಮುಗಿದ ಮೇಲೆ ಒಂದೇ ಒಂದು ಸ್ವರ ನಮ್ಮೂರಿನ ಹಾಡು ಹೇಳಿತು. ಗೋಡೆಗೆ ಒರಗಿ ಕೇಳಿದೆ. ನಾನು ಬೇಯಿಸಿದ ಅನ್ನ ಮೇಲೆ ಹಸಿ, ಕೆಳಗೆ ಕರಕು. ಅದಕ್ಕಾಗಿ ದೇವರಿಗೆ ವಂದನೆ ಸಲ್ಲಿಸುವುದು ಸ್ವಲ್ಪ ಕಷ್ಟವಾಯಿತು.

ತಡೆಯುವಷ್ಟು ತಡೆದು, ಕ್ಷಮೆಯ ಮಾತು ಜೋಡಿಸಿಕೊಂಡು ಒಂದು ಬೆಳಿಗ್ಗೆ ಹೇಮಪ್ಪನ ಮನೆಗೆ ಹೋದೆ. ಹೇಮಪ್ಪ ಮಗ್ಗದಿಂದ ಎದ್ದು ಕಾಲಿಗೆ ನೀರು ಕೊಟ್ಟ, ಕಂಬಳಿ ಹಾಸಿದ.

"ಎಲ್ಸಾಳನ್ನು ಕರೆದೊಯ್ಯಲು ಬಂದೆ."

"ಆತ್ರಿ ಅಳಿಯಾರ. ಆಕಿನ್ನ ಒಂದ ಮಾತ ಕೇಳಿ ಬರ್ತೀನಿ."

ಒಳಗೆ ಪಿಸುಮಾತು, ಆಮೇಲೆ ನಗು. ಈ ದೇಶಕ್ಕೆ ಬಂದ ಮೇಲೆ ಎಲ್ಸಾ ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಹೇಮಪ್ಪ ಗಂಭೀರವಾಗಿ ಹೊರಬಂದ.

"ಇನ್ನೂ ಎಂಟ ದಿನ ಇರ್ತಾಳಂತ್ರಿ. ನೀವು ಉಂಡು ಹೋಗ್ರಿ."

ಅಳಿಯನಾದವನು ಮತ್ತೇನು ಹೇಳಬಲ್ಲ? ತಟ್ಟೆಯ ಮುಂದೆ ಹೋಗಿ ಕೂತೆ. ರೊಟ್ಟಿ ಬಡಿಸಲು ಬಂದವಳು ಎಲ್ಸಾ. ನಾನು ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರುವಷ್ಟರಲ್ಲಿ ಅವಳು ಇನ್ನೊಂದು ರೊಟ್ಟಿ ಹಾಕಿ, ನನ್ನ ಯಾವ ಪುಸ್ತಕದಲ್ಲೂ ಇರದ ಕನ್ನಡದಲ್ಲಿ ಹೇಳಿದಳು: "ನಾಚಬ್ಯಾಡ್ರಿ, ಉಣ್ರಿ."