ನಿದ್ದೆ ಮಾಡಿಸುವವನ ನಂಬರು

ಜನಕ್ಕೆ ಮತ್ತು ಬರಿಸೋ ಜಾಗದಲ್ಲಿ ನಗು ಬರಬಾರದು. ಏನ್ ಮಾಡೋದು, ಬರ್ತದೆ. ಸಕಲೇಶಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಅರಿವಳಿಕೆ ಟೆಕ್ನಿಷಿಯನ್. ಅರಿವಳಿಕೆ ಡಾಕ್ಟ್ರು ಮೇಡಂ ಮದ್ದು ಕೊಡ್ತಾರೆ. ನಾನು ಮಿಷನ್ ಸಿದ್ಧಮಾಡಿ, ಪೇಷಂಟಿನ ಉಸಿರು ನೋಡ್ಕೊಂಡು ಪಕ್ಕದಲ್ಲಿ ನಿಲ್ತೀನಿ. ಕೆಲಸ ಅಷ್ಟೇ. ತಪ್ಪಿದ್ರೆ ಮಾತ್ರ ಅಷ್ಟೇ ಅಲ್ಲ.

೧. ಹೆತ್ತೂರಿನ ಅಜ್ಜ

ಹರ್ನಿಯಾ ಆಪರೇಷನ್ನಿಗೆ ಬಂದಿದ್ದ ಹೆತ್ತೂರಿನ ಅಜ್ಜ ಟೇಬಲ್ ಮೇಲೆ ಮಲಗಿ ನನ್ನ ಕೈ ಹಿಡ್ಕೊಂಡ.

"ನೀನೇ ಏನಪ್ಪ ಡಾಕ್ಟ್ರು?"

"ಅಲ್ಲ ಅಜ್ಜ. ನಿದ್ದೆ ಬರ್ಸೋರು ಮೇಡಂ. ನಾನು ಅವ್ರ ಸಹಾಯಕ."

"ಕೊಯ್ಯೋರು?"

"ಅವ್ರು ಬೇರೆ, ಸರ್ಜನ್ನು."

ಅಜ್ಜ ಮೂವರ ಮುಖಾನೂ ನೋಡ್ದ. "ಮಲಗ್ಸಕ್ಕೆ ಇಬ್ರು, ಕೊಯ್ಯಕ್ಕೆ ಒಬ್ರು. ಎಬ್ಬಿಸಕ್ಕೆ ಯಾರನ್ನೂ ಇಟ್ಕೊಂಡಿಲ್ವೇನೋ ಮಾರಾಯ?"

೨. ದೃಢೀಕರಣ

ಆಮೇಲೆ ಕಾನೂನು ಬಂತು. ರಾಜ್ಯದ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿ ನಂಬರ್ ಪಡೀದೇ ಇರೋ ಟೆಕ್ನಿಷಿಯನ್ನು ಮಿಷನ್ ಮುಟ್ಟಂಗಿಲ್ಲ. ನ್ಯಾಯವೇ ಕಣ್ರೀ, ಕಂಡೋರೆಲ್ಲ ಉಸಿರಿನ ಕೊಳವೆ ಹಿಡಿದ್ರೆ ಜನ ಉಳೀತಾರಾ? ಅರ್ಜಿ ಹಾಕ್ದೆ. ಓದಿದ ಕಾಲೇಜಿನಿಂದ ದೃಢೀಕರಣ ಬೇಕಿತ್ತು. ಹಾಸನಕ್ಕೆ ಹೋಗಿ ನೋಡಿದ್ರೆ ನಾನು ಡಿಪ್ಲೊಮಾ ಓದಿದ ಕಾಲೇಜೇ ಇಲ್ಲ, ಕಲ್ಯಾಣ ಮಂಟಪ ಆಗ್ಬುಟ್ಟೈತೆ! ನಾವು ಗೊಂಬೆಗೆ ಉಸಿರು ಕೊಡೋದು ಕಲಿತ ರೂಮಲ್ಲಿ ಯಾರೋ ಹಪ್ಪಳ ಕರೀತಿದ್ರು.

"ಇಲ್ಲಿ ಓದಿದೀನಿ ಅಂತ ಯಾರಾದ್ರೂ ಬರ್ಕೊಡಬೇಕು ಸ್ವಾಮಿ, ಇಲ್ದಿದ್ರೆ ಕೆಲಸ ಹೋಗ್ತದೆ" ಅಂತ ಮಂಟಪದ ಮ್ಯಾನೇಜರ್ ಹತ್ರ ಗೋಗರೆದೆ.

ಪಾಪ, ಆಯಪ್ಪ ನನ್ನ ಬೆನ್ನು ಸವರಿ, "ಮೊದ್ಲು ಎಲೆ ಮುಂದೆ ಕೂತ್ಕೊಳ್ಳಿ. ಇಲ್ಲಿ ಉಂಡಿದೀರಿ ಅಂತ ಬೇಕಾದ್ರೆ ಬರ್ಕೊಡ್ತೀನಿ" ಅಂದ.

೩. ಬಾಗಿಲಾಚೆ

ತಪಾಸಣೆಗೆ ಬಂದೋರು ನನ್ನ ನಂಬರ್ ಕೇಳಿದ್ರು. ಎಲ್ಲಿಂದ ತರ್ಲಿ? ಮಾರನೇ ದಿನದಿಂದ ನಾನು ಆಪರೇಷನ್ ಥಿಯೇಟರಿನ ಹೊರಗೆ, ಟೋಕನ್ ಕೂಗೋ ಕೆಲಸ. ಒಳಗೆ ನಂಬರ್ ಇರೋ ಹೊಸ ಹುಡುಗಿ. ಒಳ್ಳೆ ಮಗು, ಚೆನ್ನಾಗಿ ಓದಿದಾಳೆ. ಆದ್ರೆ ನಮ್ಮ ಹಳೇ ಮಿಷನ್ನಿನ ಕುಚೇಷ್ಟೆ ಅವಳ ಪುಸ್ತಕದಲ್ಲಿಲ್ಲ. ಒಳಗೆ ಅಲಾರಂ ಹೊಡ್ಕೊಂಡಾಗೆಲ್ಲ ನನ್ನ ಹೊಟ್ಟೆ ಕಿವುಚ್ದಂಗೆ ಆಗೋದು. ಆ ಮುಚ್ಚಿದ ಬಾಗಿಲು ನೋಡಿ ಒಂದೆರಡು ಸಲ ಅತ್ತೂಬಿಟ್ಟೆ.

ಹೊಟ್ಟೆ ಸಂಕಟ ಪೂರ್ತಿ ದುಃಖದ್ದಲ್ಲ, ಅರ್ಧ ಅಪೆಂಡಿಕ್ಸಿಂದು ಅಂತ ಆಮೇಲೆ ಸ್ಕ್ಯಾನಿಂಗಲ್ಲಿ ಗೊತ್ತಾಯ್ತು.

೪. ಒಳಗೆ ಹೋಗೋ ದಾರಿ

ನಂಬರ್ ಇಲ್ದೆ ಥಿಯೇಟರಿಗೆ ಹೋಗೋಕೆ ಒಂದೇ ದಾರಿ ಉಳಿದಿತ್ತು: ಪೇಷಂಟ್ ಆಗೋದು. ಟೇಬಲ್ ಮೇಲೆ ಅಂಗಾತ ಮಲಗಿದೆ. ಹುಡುಗಿ ಮಿಷನ್ ಪರೀಕ್ಷೆ ಮಾಡ್ತಿದ್ದಂಗೇ ಅಲಾರಂ ಹೊಡ್ಕೊಳ್ತು. ಅವಳು ಒಂದೊಂದೇ ಗುಂಡಿ ಒತ್ತಿ ನೋಡಿದ್ಲು, ನಿಲ್ಲಲಿಲ್ಲ. ಮೇಡಂ, ಸರ್ಜನ್ ಇಬ್ರೂ ತಿರುಗಿ ನೋಡಿದ್ದು ನನ್ನನ್ನ. ಎದ್ದೆ. ಹಿಂದೆ ದಾರ ಬಿಚ್ಚಿದ ಗೌನಲ್ಲೇ, ಹೊಟ್ಟೆ ಹಿಡ್ಕೊಂಡು ಹೋಗಿ, ಮಿಷನ್ನಿನಲ್ಲಿ ಬಿಟ್ಟ ಉಸಿರಿನ ಕೆಟ್ಟ ಗಾಳಿ ಹೀರೋ ಸುಣ್ಣದ ಹರಳಿನ ಡಬ್ಬಿ ಬಿಚ್ಚಿ, ಗಾಳಿ ಸೋರ್ತಿದ್ದ ಅದರ ರಬ್ಬರ್ ಬಳೆ ಒರೆಸಿ ಕೂರಿಸ್ದೆ. ಅಲಾರಂ ನಿಂತಿತು.

"ಇದು ನಿಯಮಕ್ಕೆ ವಿರುದ್ಧ ಅಲ್ವಾ?" ಅಂದ್ರು ಸರ್ಜನ್.

"ನಂಬರ್ ಇಲ್ದಿರೋ ಟೆಕ್ನಿಷಿಯನ್ ಮುಟ್ಟಂಗಿಲ್ಲ. ಪೇಷಂಟ್ ಮುಟ್ಟಬಾರ್ದು ಅಂತ ಎಲ್ಲೂ ಬರೆದಿಲ್ಲ" ಅಂದ್ರು ಮೇಡಂ.

ಮತ್ತೆ ಮಲಗಿದೆ. ಮಾಸ್ಕ್ ಮುಖದ ಮೇಲೆ ಬರೋ ಹೊತ್ತಿಗೆ ಹುಡುಗಿ ಕಿವಿ ಹತ್ರ ಬಗ್ಗಿ ಪಿಸುಗುಟ್ಟಿದ್ಲು: "ಅಣ್ಣ, ಮಧ್ಯದಲ್ಲಿ ಮತ್ತೆ ಅಲಾರಂ ಹೊಡ್ಕೊಂಡ್ರೆ ಏನ್ ಮಾಡ್ಲಿ?"

"ನನ್ನ ಎಬ್ಬಿಸವ್ವ" ಅಂದೆ.