ಅತ್ತೆಯ ಬಾಯಿಬಡುಕ ಲಾಗು

ಮೂಡಿಗೆರೆ ತಾಲೂಕಿನಲ್ಲಿ ನಮ್ಮ ಅತ್ತೆಗಿಂತ ಹೆಚ್ಚು ಮಾತನಾಡುವವರು ಯಾರೂ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಸುಳ್ಳಾಯಿತು. ಅತ್ತೆಯನ್ನೂ ಮೀರಿಸುವ ಬಾಯೊಂದು ಈಗ ಹುಟ್ಟಿಕೊಂಡಿದೆ. ಅದನ್ನು ಹುಟ್ಟಿಸಿದವರೂ ಅತ್ತೆಯೇ!

ಅತ್ತೆ ನನ್ನ ಅಪ್ಪನ ತಂಗಿ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ನಿವೃತ್ತರಾದ ಹೆಂಗಸರು ಏನು ಮಾಡುತ್ತಾರೆ? ಉಪ್ಪಿನಕಾಯಿ ಹಾಕುತ್ತಾರೆ, ಭಜನೆಗೆ ಹೋಗುತ್ತಾರೆ, ಊರವರ ಮಕ್ಕಳಿಗೆಲ್ಲ ಸಂಬಂಧ ಹುಡುಕುತ್ತಾರೆ. ಇವರು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತರು! ಅದೂ ಯಾಕೆ? ಆನೆಗೋಸ್ಕರ.

ನಮ್ಮ ಕಡೆ ಆನೆ ಯಾವ ತೋಟಕ್ಕೆ ನುಗ್ಗಿದೆ ಎಂಬ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ, ನಿಜ. ಆದರೆ ಅದರ ಹಿಂದೆ ಮುಂದೆ ಶುಭೋದಯದ ಗುಲಾಬಿ, ಹುಟ್ಟುಹಬ್ಬದ ಕೇಕು, ದೇವರಮನೆ ಬೆಟ್ಟಕ್ಕೆ ಹೋದವರ ಫೋಟೊ. ಅವುಗಳ ನಡುವೆ ಅತ್ತೆ ಆನೆಯನ್ನು ಹುಡುಕುವಷ್ಟರಲ್ಲಿ ಆನೆ ಅತ್ತೆಯ ಬಾಳೆತೋಟ ಮುಗಿಸಿ ಕೈತೊಳೆದುಕೊಂಡಿತ್ತು.

"ಆನೆಗೇ ಅಂತ ಒಂದು ಬೇರೆ ಜಾಗ ಬೇಕು ಮಾರಾಯ. ಕಂಡೋರು ಅಲ್ಲಿ ಹಾಕ್ಬೇಕು. ಹತ್ತಿರದ ತೋಟದೋರಿಗೆಲ್ಲ ತಕ್ಷಣ ಮೆಸೇಜ್ ಹೋಗ್ಬೇಕು" ಎಂದರು. ನಾನು ಮೂಡಿಗೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಪ್ರಾಜೆಕ್ಟು ಶುರುವಾದದ್ದು ಕಾಫಿ ಒಣಗಿಸುವ ಕಣದಲ್ಲಿ. ಮನೆಯೊಳಗೆ ನೆಟ್‌ವರ್ಕ್ ಬರುವುದಿಲ್ಲ, ಕಣದ ಮೂಲೆಗೆ ಮಾತ್ರ ಬರುತ್ತದೆ. ಜಾವಾ ಹಾಕಿದ್ದಾಯಿತು. ಆಮೇಲೆ ಮೇವನ್ ಎಂಬುದನ್ನು ಕರೆದೆವು. ವೆಬ್ ಅಪ್ಲಿಕೇಶನ್ನಿಗೆ ಬೇಕಾದ ಸಾಮಾನನ್ನೆಲ್ಲ ಇಂಟರ್‌ನೆಟ್ಟಿನಿಂದ ತಾನೇ ತರುವ ಪುಣ್ಯಾತ್ಮ ಅದು. ಆದರೆ ಹೇಗೆ ತರುತ್ತದೆ? ಮದುವೆಗೆ ಒಬ್ಬರನ್ನು ಕರೆದರೆ ಅವರು ಬಳಗವನ್ನೆಲ್ಲ ಕಟ್ಟಿಕೊಂಡು ಬಂದ ಹಾಗೆ! ಒಂದು ಕೇಳಿದರೆ ಅದರ ಜೊತೆಗೆ ನಾಲ್ಕು, ಆ ನಾಲ್ಕರ ಜೊತೆಗೆ ಹದಿನಾರು. ಅತ್ತೆ ಒಂದು ಕೈಯಲ್ಲಿ ಕೊಡೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತರು. ಸುತ್ತ ಆಳುಗಳು ಕಾಫಿ ಕೆದಕುತ್ತಿದ್ದರು. ಸಂಜೆ ಮೇಸ್ತ್ರಿ ಬಂದು ಇಣುಕಿದ.

"ಅಮ್ಮಾವ್ರೇ, ಕಾಫಿನೇ ಒಣಗ್ತು. ನಿಮ್ದು ಇನ್ನೂ ಆಗ್ಲಿಲ್ವಾ?"

ಕೊನೆಗೂ ಆಯಿತು. ಇನ್ನು ಲಾಗು. ಪ್ರೋಗ್ರಾಮು ಓಡುವಾಗ ಒಳಗೆ ಏನು ನಡೆಯಿತೆಂದು ತಾನೇ ಸಾಲು ಸಾಲಾಗಿ ಬರೆದಿಡುವುದಕ್ಕೆ ಲಾಗ್ ಎನ್ನುತ್ತಾರೆ. ಏನಾದರೂ ಕೆಟ್ಟಾಗ ಎರಡು ಸಾಲು ಬರೆದರೆ ಸಾಕು ಎಂದೆ. ಅತ್ತೆಯೊಳಗಿನ ಗಣಿತದ ಟೀಚರು ಎದ್ದು ನಿಂತರು.

"ಬರೀ ಉತ್ತರ ಬರೆದ್ರೆ ಆಯ್ತಾ? ಸ್ಟೆಪ್ ಬರೀದಿದ್ರೆ ಮಾರ್ಕ್ಸ್ ಇಲ್ಲ!"

ಹಾಗಾಗಿ ಪ್ರೋಗ್ರಾಮು ಕನ್ನಡದಲ್ಲಿ ಬರೆಯತೊಡಗಿತು: "ಏಳುತ್ತಿದ್ದೇನೆ." "ಎದ್ದೆ." "ಡೇಟಾಬೇಸ್ ಇನ್ನೂ ಎದ್ದಿಲ್ಲ, ಎಬ್ಬಿಸುತ್ತಿದ್ದೇನೆ." "ಯಾರೋ ಬಂದರು." "ಏನೂ ಹೇಳದೆ ಹೋದರು." ಸಾಲದ್ದಕ್ಕೆ ಲಾಗಿನ ಸೆಟ್ಟಿಂಗಿನಲ್ಲಿ ನಾವು ಏನೋ ಎಡವಟ್ಟು ಮಾಡಿದ್ದೆವು. ಪ್ರತಿ ಸಾಲೂ ಎರಡೆರಡು ಸಲ ಬರುತ್ತಿತ್ತು. ಪಕ್ಕದಲ್ಲಿ ಎಲೆಯಡಿಕೆ ಹಾಕುತ್ತಿದ್ದ ಮಾವ ಕನ್ನಡಕ ಏರಿಸಿ ನೋಡಿದರು.

"ಹೇಳಿದ್ದನ್ನೇ ಹೇಳ್ತದಲ್ಲ ಇದು! ನಿಂದೇ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ ಮಾರಾಯ್ತಿ."

ಅದನ್ನು ಸರಿಪಡಿಸಿದೆವು. ಆದರೆ ಬಾಯಿ ಮುಚ್ಚಿಸಲಾಗಲಿಲ್ಲ. ಕೆಲವೇ ದಿನಗಳಲ್ಲಿ ಲಾಗು ಬೆಳೆದೂ ಬೆಳೆದೂ ಲ್ಯಾಪ್‌ಟಾಪಿನಲ್ಲಿ ಜಾಗವೇ ಉಳಿಯಲಿಲ್ಲ. ಬೆಳಿಗ್ಗೆ ಅದನ್ನು ಕಂಡ ಅತ್ತೆ ಆಮೇಲೆ ಮೂಡಿಗೆರೆ ಬಸ್‌ಸ್ಟ್ಯಾಂಡಿಗೆ ಬಂದಿದ್ದರು. ಅಲ್ಲಿಂದಲೇ ನನಗೆ ಫೋನು. ಅತ್ತೆಯ ಫೋನೆಂದರೆ ಅರ್ಧ ಪೇಟೆಗೆ ಕೇಳುತ್ತದೆ.

"ಮನೇಲಿ ಲಾಗ್ ತುಂಬಿ ಹೋಗಿದೆ ಮಾರಾಯ! ಹಳೇದನ್ನೆಲ್ಲ ಇವತ್ತೇ ಸಾಗಿಸಿಬಿಡೋಣ ಬಾ!"

ಮಲೆನಾಡಿನಲ್ಲಿ ಲಾಗ್ ಎಂದರೆ ಒಂದೇ ಅರ್ಥ: ಮರದ ದಿಮ್ಮಿ. ಮರುದಿನವೇ ಫಾರೆಸ್ಟ್ ಗಾರ್ಡ್ ಬಾಗಿಲಿಗೆ ಬಂದ.

"ಅಮ್ಮಾ, ನಿಮ್ಮಲ್ಲಿ ಹಳೇ ಲಾಗ್ ಇದೆಯಂತಲ್ಲ?"

ಅತ್ತೆಯ ಮುಖ ಅರಳಿತು. ತಮ್ಮ ಲಾಗನ್ನು ನೋಡಲು ತಾನಾಗಿ ಬಂದ ಮೊದಲ ಮನುಷ್ಯ! "ಬೇಕಾದಷ್ಟಿದೆ, ಕೂತ್ಕೊಳ್ಳಿ, ಕಾಫಿ ತರ್ತೀನಿ" ಎಂದರು.

"ಬೀಟೆನಾ ಅಮ್ಮಾ, ತೇಗಾನಾ?"

"ಎಲ್ಲಾ ಟೆಕ್ಸ್ಟು."

ಗಾರ್ಡ್ ಯೋಚಿಸಿದ. "ಅದ್ಯಾವ ಮರ?"

ವಿಷಯ ತಿಳಿದು ನಕ್ಕು ಸುಸ್ತಾದ ಮೇಲೆ ಆತ ಪ್ರೋಗ್ರಾಮಿಗೆ ತನ್ನ ನಂಬರನ್ನೂ ಸೇರಿಸಿ ಹೋದ. ಹಳೆಯ ಲಾಗು ತಾನಾಗಿ ಅಳಿಸಿ ಹೋಗುವಂತೆ ನಾನೂ ಒಂದು ಏರ್ಪಾಡು ಮಾಡಿದೆ. ಸುತ್ತಲಿನ ತೋಟದವರು ಒಬ್ಬೊಬ್ಬರಾಗಿ ಸೇರಿದರು. ಪ್ರೋಗ್ರಾಮಿಗೋಸ್ಕರ ಅತ್ತೆ ಮನೆಯೊಳಗೂ ವೈಫೈ ಹಾಕಿಸಿದರು.

ಅದಾಗಿ ಒಂದು ಭಾನುವಾರ ಬೆಳಿಗ್ಗೆ ನಾನು ಅತ್ತೆಯ ಮನೆಯಲ್ಲಿ ಅಕ್ಕಿರೊಟ್ಟಿ ತಿನ್ನುತ್ತಿದ್ದೆ. ಹೊರಗೆ ಕಣ್ಣು ಕಾಣದಷ್ಟು ಮಂಜು. ಅತ್ತೆಯ ಫೋನು ಸದ್ದು ಮಾಡಿತು. ಗಾರ್ಡ್ ಹಾಕಿದ್ದ: ನಿಮ್ಮ ತೋಟದ ಮೇಲಿನ ಕೆರೆಯ ಹತ್ತಿರ ಒಂಟಿ ಸಲಗ. ಪ್ರೋಗ್ರಾಮು ಕೆಲಸ ಮಾಡಿತ್ತು! "ನೋಡಿದ್ಯಾ!" ಎಂದು ಅತ್ತೆ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮೇಜಿನ ಇನ್ನೊಂದು ಮೂಲೆಯಲ್ಲಿ ಮತ್ತೊಂದು ಫೋನು ಸದ್ದು ಮಾಡಿತು. ಮಾವನದು. ಮಾವ ಪಂಪು ನೋಡಿ ಬರುತ್ತೇನೆಂದು ಅದೇ ಕೆರೆಗೆ ಹೋಗಿದ್ದರು.

ಅತ್ತೆ ಚಪ್ಪಲಿಯನ್ನೂ ಹಾಕದೆ ಓಡಿದರು. ಹಿಂದೆ ನಾನು. ಮೇಲೆ ಎಲ್ಲೋ ಆನೆಗೆ ಪ್ರಿಯವಾದ ಬಗನೆ ಮರ ಲಟಲಟ ಮುರಿಯುವ ಸದ್ದು. "ರೀ! ಇವ್ರೇ!" ಎಂದು ಅತ್ತೆ ಕೂಗಿದರು. ಮಂಜಿನೊಳಗಿಂದ ಯಾರೂ ಓಗೊಡಲಿಲ್ಲ. ಮದುವೆಯಾದಂದಿನಿಂದ ಅತ್ತೆ ಗಂಡನ ಹೆಸರು ಹೇಳಿದವರಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರಿಂದ ಹೇಳಿಸುತ್ತಿದ್ದರು. ಒಂದು ಗಳಿಗೆ ನಿಂತರು. ಆಮೇಲೆ ಎದೆ ಬಿರಿಯುವ ಹಾಗೆ ಹೆಸರು ಹಿಡಿದು ಕೂಗಿದರು. ಮತ್ತೆ ಕೂಗಿದರು. ದನಿ ಒಡೆದರೂ ಬಿಡಲಿಲ್ಲ.

ಕಾಫಿ ಗಿಡ ಸರಿಸಿಕೊಂಡು ಮಾವ ಕೆಳಗಿಳಿದು ಬಂದರು. ಕೆರೆಯ ತನಕ ಹೋಗಿರಲೇ ಇಲ್ಲ. ದಾರಿಯಲ್ಲಿ ಮೆಣಸಿನ ಬಳ್ಳಿ ಕಟ್ಟುತ್ತ ನಿಂತಿದ್ದರಂತೆ. ಆನೆಯ ಸುದ್ದಿ ಅವರಿಗೆ ಗೊತ್ತೇ ಇರಲಿಲ್ಲ.

"ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು. ಅಮ್ಮ ಹೋದ ಮೇಲೆ ಹಾಗೆ ಯಾರೂ ಕರ್ದಿರ್ಲಿಲ್ಲ. ಯಾರೇ ಅದು?"

ಊರಿಗೆಲ್ಲ ಕೇಳುವಷ್ಟು ಮಾತನಾಡುವ ನಮ್ಮ ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ರೊಟ್ಟಿ ಆರ್ತಿದೆ, ನಡೀರಿ" ಎಂದಷ್ಟೇ ಹೇಳಿ ಮಾವನ ತೋಳು ಹಿಡಿದರು. ಕಣದ ಹತ್ತಿರ ಮೇಸ್ತ್ರಿ ನಿಂತು ನೋಡುತ್ತಿದ್ದರೂ ಬಿಡಲಿಲ್ಲ.